ಹಿಂದಿನ ಗಾಲಿಯ ಮೇಲಿನ ಮಂಚ

ಸ್ಪ್ರಿಂಗ್ ಬದಲಿಸಿದ ಗಾಡಿಯನ್ನು ಗಿರಾಕಿಗೆ ಒಪ್ಪಿಸುವ ಮುಂಚೆ ನಾವು ಮಿಸ್ತ್ರಿಗಳು ಒಂದು ಸುತ್ತು ಓಡಿಸಿ ನೋಡುತ್ತೇವೆ. ಓಡಿಸುವುದೆಂದರೆ ಡ್ರೈವರ್ ಸೀಟಿನಲ್ಲಿ ಕೂತು ಓಡಿಸುವುದು. ಬ್ರೇಕ್ ಹಿಡಿದಾಗ ಮೂಗು ಎಷ್ಟು ಬಗ್ಗುತ್ತದೆ, ತಿರುವಿನಲ್ಲಿ ಮೈ ಎಷ್ಟು ವಾಲುತ್ತದೆ, ಎಲ್ಲ ಆ ಸೀಟಿನಲ್ಲೇ ಗೊತ್ತಾಗುತ್ತದೆ ಎಂಬ ಜಂಬ ನಮಗೆ. ನಾಸಿಕದ ಆಡಗಾಂವ್ ನಾಕಾದ ಹತ್ತಿರ ಇಪ್ಪತ್ತೆರಡು ವರ್ಷ ನಾನು ಹಾಗೇ ನೋಡಿಕೊಂಡು ಬಂದೆ. ನನ್ನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಲಾಸಲಗಾಂವ್ ಮಾರ್ಕೆಟ್ಟಿಗೆ ಉಳ್ಳಾಗಡ್ಡಿ ಹೊರುವ ಪಿಕಪ್ಪು, ಲಾರಿಗಳು. ಹೇರಬಾರದಷ್ಟು ಹೇರುತ್ತಾರೆ, ಗಾಡಿ ಹಿಂದೆ ಕುಸಿಯುತ್ತದೆ, ನನ್ನ ಹತ್ತಿರ ಬರುತ್ತಾರೆ. ನಾನು ಸ್ಪ್ರಿಂಗಿನ ಕಮಾನಿಗೆ ಒಂದು ಪಾಟಾ, ಅಂದರೆ ಉಕ್ಕಿನ ಪಟ್ಟಿ, ಜಾಸ್ತಿ ಹಾಕಿ ಗಟ್ಟಿ ಮಾಡಿ ಕಳಿಸುತ್ತೇನೆ. ಗಟ್ಟಿ ಮಾಡುವುದೇ ನನ್ನ ಕಸುಬು. ಬೆನ್ನು ನೋಯಿತೆಂದು ಉಳ್ಳಾಗಡ್ಡಿ ಚೀಲ ಯಾವತ್ತೂ ದೂರು ಹೇಳಿಲ್ಲ.

ಮ್ಯಾನೇಜರ್ ಸಾಹೇಬರು ಬಂದದ್ದು ಮಳೆಗಾಲ ಮುಗಿದ ಮೇಲೆ, ಒಂದು ಶುಕ್ರವಾರ. ಧಾರವಾಡದ ಕಡೆಯವರು. ಬ್ಯಾಂಕಿನ ನೌಕರಿಯಲ್ಲಿ ಊರೂರು ತಿರುಗಿ, ಸಂಭಾಜಿನಗರದಲ್ಲಿ ಏಳು ವರ್ಷ ಇದ್ದು, ನಾಸಿಕಕ್ಕೆ ವರ್ಗವಾಗಿ ಬಂದು ಇಲ್ಲೇ ನಿವೃತ್ತರಾದವರು. ಬೋರ್ಡಿನ ಮೇಲೆ ಮರಾಠಿ ಅಕ್ಷರದಲ್ಲಿದ್ದ ನನ್ನ ಅಡ್ಡಹೆಸರು ಓದಿ, "ನೀವು ನಮ್ಮ ಕಡೆಯವರೇನ್ರಿ?" ಎಂದು ಕೇಳಿದರು. ಜಮಖಂಡಿ ಅಂದೆ. ಆ ಮನುಷ್ಯನ ಮುಖದಲ್ಲಿ ಎಂಥ ನಿರಾಳ ಕಂಡಿತೆಂದರೆ, ಇವರ ಕೆಲಸವನ್ನು ಕೈಬಿಡಬಾರದು ಎಂದು ಅಲ್ಲೇ ನಿಶ್ಚಯ ಮಾಡಿದೆ.

ಗಾಡಿ ಒಂದು ಎತ್ತರದ ಛಾವಣಿಯ ವ್ಯಾನು. ರಿಟೈರ್ ಆದ ಮೇಲೆ ಗಂಡ ಹೆಂಡತಿ ದೇಶ ಸುತ್ತಬೇಕೆಂದು ಕೊಂಡು, ಒಳಗೆ ಮಂಚ, ಒಲೆ, ನೀರಿನ ಟಾಕಿ, ಸಣ್ಣದೊಂದು ಸಂಡಾಸ ಎಲ್ಲ ಕೂಡಿಸಿ, ಕಾಗದಪತ್ರ ಸರಿಯಾಗಿ ಮಾಡಿಸಿದ್ದರು. ದೇಶ ಸುತ್ತುವ ಮೊದಲೇ ಹೆಂಡತಿಗೆ ಎಲುಬಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಬ್ಯಾಂಕಿನ ದಿನಗಳಿಂದ ಅವರನ್ನು ನೋಡುತ್ತಿದ್ದ ಡಾಕ್ಟರು ಸಂಭಾಜಿನಗರದಲ್ಲಿ. ಪ್ರತಿ ಗುರುವಾರ ಅಲ್ಲಿಗೆ ಹೋಗಿ ಸೂಜಿ ಹಾಕಿಸಿಕೊಂಡು ಬರಬೇಕು. ಹೋಗಲು ನಾಲ್ಕೈದು ತಾಸು, ಬರಲು ಅಷ್ಟೇ. ಬೆನ್ನುಮೂಳೆಯ ಮಣಿಗಳು ಪೊಳ್ಳಾಗಿವೆ, ಜೋರು ಪೆಟ್ಟು ಬೀಳಬಾರದು, ಮಲಗಿಸಿಕೊಂಡೇ ಕರೆತನ್ನಿ ಎಂದು ಡಾಕ್ಟರು ಹೇಳಿದ್ದರು.

"ಎರಡು ಕೆಲಸ ಆಗಬೇಕ್ರಿ," ಅಂದರು ಸಾಹೇಬರು. "ಒಂದು, ಗಾಡಿ ತಗ್ಗ ಆಗಬೇಕು. ಅಕಿನ್ನ ಕುರ್ಚಿ ಸಮೇತ ಎತ್ತಿ ಒಳಗ ಹಾಕಬೇಕಂದ್ರ ಇಬ್ಬರು ಬೇಕಾಗ್ತಾರ. ಇನ್ನೊಂದು, ಇದು ತೂಗಾಡೂದು ನಿಂದರಬೇಕು. ತಿರುವು ಬಂತಂದ್ರ ಸಾಕು, ಅಕಿಗೆ ವಾಂತಿ. ಮುಂದಿನ ಗುರುವಾರಕ್ಕ ಗಾಡಿ ಬೇಕಽ ಬೇಕು. ಒಂದು ಸೂಜಿ ತಪ್ಪಸಬ್ಯಾಡ್ರಿ ಅಂದಾರ ಡಾಕ್ಟರು."

ಅವರ ಫೋನಿನಲ್ಲಿ ಒಂದು ವಿಡಿಯೋ ಇತ್ತು. ಯಾರೋ ತಮ್ಮ ವ್ಯಾನನ್ನು ತಗ್ಗಿಸುವ ಲೋವರಿಂಗ್ ಕಿಟ್ ಹಾಕಿಸಿಕೊಂಡು, ಕಾರಿನ ಹಾಗೆ ತಿರುವು ಹೊಡೆಯುತ್ತಿದ್ದರು.

ನನ್ನ ಮುಂದೆ ಮೂರು ದಾರಿ ಇದ್ದವು. ಇದ್ದ ಪಾಟಾಗಳನ್ನೇ ಬಡಿದು ಕಮಾನು ಇಳಿಸುವುದು. ಅದು ಜುಗಾಡು, ಮನುಷ್ಯರ ಗಾಡಿಗೆ ನಾನು ಮಾಡುವುದಿಲ್ಲ. ಎರಡನೆಯದು ಪುಣೆಯಿಂದ ತಯಾರಾಗಿ ಬರುವ ಕಿಟ್: ಗಿಡ್ಡ, ಗಟ್ಟಿ ಸ್ಪ್ರಿಂಗು, ಅದಕ್ಕೆ ಹೊಂದುವ ಶಾಕಪ್ಪು. ಎರಡು ದಿನದಲ್ಲಿ ಬರುತ್ತದೆ, ಗಾಡಿ ಎರಡೂವರೆ ಇಂಚು ಇಳಿಯುತ್ತದೆ, ವಾಲುವುದು ನಿಲ್ಲುತ್ತದೆ. ಮೂರನೆಯದು ಗಾಳಿಯ ಸಸ್ಪೆನ್ಶನ್. ಸ್ಪ್ರಿಂಗಿನ ಜಾಗದಲ್ಲಿ ದಪ್ಪ ರಬ್ಬರಿನ ಗಾಳಿಚೀಲ, ನಾವು ಬೆಲ್ಲೋ ಅನ್ನುತ್ತೇವೆ, ಅದಕ್ಕೆ ಕಂಪ್ರೆಸರ್, ವಾಲ್ವು, ಪೈಪು. ಸಾಮಾನು ಬರಲಿಕ್ಕೇ ಮೂರು ವಾರ ಬೇಕು. ಗುರುವಾರಕ್ಕೆ ಆರೇ ದಿನವಿತ್ತು. ನಾನು ಕಿಟ್ ಆರಿಸಿದೆ.

ಕೆಲಸವನ್ನು ಚೊಕ್ಕವಾಗಿಯೇ ಮಾಡಿದೆವು. ನಮ್ಮ ರೂಢಿಯಂತೆ ಮೊದಲು ಟಾಕಿಯ ನೀರು ಬಸಿದೆವು, ತುಂಬಿದ ಟಾಕಿ ಇಟ್ಟುಕೊಂಡು ಗಾಡಿಯನ್ನು ಜಾಕಿನ ಮೇಲೆ ಎತ್ತಬಾರದು. ಆಮೇಲೆ ಲಾರಿ ತೂಗುವ ಕಾಟಾದ ಮೇಲೆ ಮುಂದಿನ ಗಾಲಿ ಬೇರೆ, ಹಿಂದಿನ ಗಾಲಿ ಬೇರೆ ನಿಲ್ಲಿಸಿ ತೂಗಿದೆವು. ಸ್ಪ್ರಿಂಗು, ಶಾಕಪ್ಪು, ಬುಶ್ಶು ಎಲ್ಲ ಹೊಸವು ಬಿದ್ದವು. ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ ಒಂದು ರಬ್ಬರಿನ ಗಟ್ಟಿ ಇರುತ್ತದೆ, ಸ್ಪ್ರಿಂಗು ಪೂರ್ತಿ ಕುಗ್ಗಿದಾಗ ಕಬ್ಬಿಣಕ್ಕೆ ಕಬ್ಬಿಣ ಬಡಿಯದ ಹಾಗೆ. ಗಾಡಿ ತಗ್ಗಾದ ಮೇಲೆ ಆ ರಬ್ಬರಿಗೂ ಅಚ್ಚಿಗೂ ಎರಡು ಬೆರಳು ಸಂದಿ ಉಳಿಯಿತು. ಸಾಕು ಅಂದುಕೊಂಡೆ.

ಮಂಚ ಎಲ್ಲಿದೆ ಎಂಬುದನ್ನು ನಾನು ನೋಡಿದ್ದೆ. ಒಲೆ ಮತ್ತು ದೇವರ ಗೂಡು ಡ್ರೈವರನ ಬೆನ್ನಿಗೆ, ಸಂಡಾಸ ಕಟ್ಟಕಡೆಗೆ ಹಿಂದಿನ ಬಾಗಿಲ ಮೂಲೆಯಲ್ಲಿ, ಅದರ ಪಕ್ಕಕ್ಕೆ, ಹಿಂದಿನ ಗಾಲಿಯ ಮೇಲಿಂದ ಹಿಂದಕ್ಕೆ ಚಾಚಿದ ಮಂಚ, ಮಂಚದ ಕೆಳಗೆ ನೀರಿನ ಟಾಕಿ. ಗಾಡಿ ಕಟ್ಟಿದವನು ಮಂಚವನ್ನು ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಇಡೋಣ, ಒಲೆ ಹಿಂದಕ್ಕೆ ಹೋಗಲಿ ಅಂದಿದ್ದನಂತೆ. ಸಾಹೇಬರು ಒಪ್ಪಿರಲಿಲ್ಲ. "ಅಡಿಗಿ ಬಾಜೂಕ ಸಂಡಾಸ ಯಾರರೆ ಇಡ್ತಾರೇನ್ರಿ?" ಎಂದು ನನಗೆ ಹೇಳಿದಾಗ, ನಾನು ತಲೆಯಾಡಿಸಿ, "ಭಾಳ ಛಲೋ ಮಾಡೀರಿ" ಅಂದೆ. ನನ್ನ ಮನೆಯಾಗಿದ್ದರೂ ಹಾಗೇ ಮಾಡಿಸುತ್ತಿದ್ದೆ.

ಮಂಗಳವಾರ ನಿಫಾಡದ ತನಕ ಓಡಿಸಿ ಬಂದೆ. ಏನು ಹೇಳಲಿ! ಗಾಡಿ ನೆಲಕ್ಕೆ ಅಂಟಿಕೊಂಡು ಓಡಿತು. ತಿರುವಿನಲ್ಲಿ ಒಂದಿಷ್ಟೂ ವಾಲಲಿಲ್ಲ. ಸೀಟಿ ಹಾಕುತ್ತ ವಾಪಸು ಬಂದೆ.

ಬುಧವಾರ ಸಾಹೇಬರು ಹೆಂಡತಿಯನ್ನು ಕರೆದುಕೊಂಡೇ ಬಂದರು. ನಾನು ಅವರನ್ನು ವೈನಿ ಅಂದೆ, ಅಣ್ಣನ ಹೆಂಡತಿಯನ್ನು ನಮ್ಮ ಕಡೆ ಕರೆಯುವ ಹಾಗೆ. ಹಿಡಿಯಷ್ಟು ಜೀವ, ಗಾಲಿಕುರ್ಚಿಯಲ್ಲಿ ಎರಡು ದಿಂಬುಗಳ ನಡುವೆ ಕೂತಿದ್ದರು. ಕಣ್ಣು ಮಾತ್ರ ಬಲು ಚುರುಕು. ತಗ್ಗಾದ ಗಾಡಿಗೆ ಹಲಗೆ ಹಚ್ಚಿ, ಸಾಹೇಬರೊಬ್ಬರೇ ಕುರ್ಚಿಯನ್ನು ಒಳಗೆ ನೂಕಿದರು.

"ಉಳ್ಳಾಗಡ್ಡಿ ಗಾಡಿ ಡಾಕ್ಟರು ನೀವೇ ಏನ್ರಿ?" ಎಂದು ಒಳಗಿನಿಂದ ಕೇಳಿದರು ವೈನಿ.

"ಹೌದ್ರಿ ವೈನಿ."

"ನನ್ನ ಬೆನ್ನು ಉಳ್ಳಾಗಡ್ಡಿ ಚೀಲ ಅಲ್ಲ, ನೆನಪಿರ್ಲಿ ಮತ್ತ!"

ಎಲ್ಲರೂ ನಕ್ಕೆವು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ.

ಗುರುವಾರ ಸಂಜೆ ಫೋನು ಬಂತು. ವೈಜಾಪುರ ದಾಟಿದ ಮೇಲೆ ರಸ್ತೆಗೆ ಹೊಸದಾಗಿ ಒಂದು ಸ್ಪೀಡ್ ಬ್ರೇಕರ್ ಹಾಕಿದ್ದರಂತೆ, ಬಣ್ಣ ಬಳಿದಿರಲಿಲ್ಲ. ಸಾಹೇಬರು ನಿಧಾನವಾಗೇ ಇದ್ದರು. ಮುಂದಿನ ಗಾಲಿ ಹೂವಿನ ಹಾಗೆ ದಾಟಿತು. ಹಿಂದಿನದು ಧಡ್ ಎಂದಿತು. ವೈನಿ ಒಂದೇ ಸಲ ಕೂಗಿದರಂತೆ. ಎಕ್ಸ್-ರೇ ತೆಗೆದರು. ಸೊಂಟದ ಮೇಲಿನ ಒಂದು ಮಣಿ ಕುಸಿದಿತ್ತು.

"ಇನ್ನ ಅಕಿಗೆ ಎದ್ದು ಕೂಡ್ಲಿಕ್ಕೆ ಆಗೂದಿಲ್ಲಂತ್ರಿ," ಅಂದರು ಸಾಹೇಬರು. "ಈ ರೋಗದಾಗ ಹಾಸಿಗ್ಯಾಗ ಹೊರಳಿದ್ರೂ ಮುರೀತದ ಅಂದ್ರು ಡಾಕ್ಟರು. ನಿಮ್ಮ ಕೆಲಸ ಛಲೋ ಆಗೇದ, ಗಾಡಿ ಒಟ್ಟ ತೂಗಾಡ್ಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಅವರು ನನ್ನನ್ನು ಸಮಾಧಾನ ಮಾಡುತ್ತಿದ್ದರು.

ವೈನಿಯನ್ನು ಆಂಬುಲೆನ್ಸಿನಲ್ಲಿ ಮನೆಗೆ ತಂದರು, ಗಾಡಿ ಶನಿವಾರ ನನ್ನ ಹತ್ತಿರ ಬಂತು. ಕೆಳಗೆ ತೂರಿ ಟಾರ್ಚು ಬಿಟ್ಟೆ. ರಬ್ಬರಿನ ಗಟ್ಟಿಯ ಮುಖ ಒರೆಸಿಟ್ಟಂತೆ ಹೊಳೆಯುತ್ತಿತ್ತು, ಒಂದು ಕಡೆ ಸೀಳಿತ್ತು. ಅಚ್ಚು ಅದಕ್ಕೆ ಒಂದಲ್ಲ, ಹತ್ತಾರು ಸಲ ಬಡಿದಿತ್ತು. ಮೇಲೆ ಹತ್ತಿ ನೋಡಿದರೆ ಟಾಕಿ ತುಂಬ ನೀರು, ನೂರೈವತ್ತು ಲೀಟರು. ರೋಗಿಯನ್ನು ಕರೆದುಕೊಂಡು ಹೋಗುವವರು ನೀರು ತುಂಬಿಕೊಳ್ಳದೆ ಹೋಗುತ್ತಾರೆಯೇ? ನಾನು ಬರಿ ಟಾಕಿಯ ಗಾಡಿ ತೂಗಿ, ಬರಿ ಟಾಕಿಯ ಗಾಡಿ ಓಡಿಸಿ, ಎರಡು ಬೆರಳು ಸಾಕು ಅಂದಿದ್ದೆ. ಆ ನೀರು ಹಿಂದೆ ಕೂತ ಮೇಲೆ ಒಂದು ಬೆರಳೂ ಉಳಿದಿರಲಿಲ್ಲ.

ನನ್ನ ಜೊತೆ ಹದಿನೈದು ವರ್ಷದಿಂದ ಕೆಲಸ ಮಾಡುವ ಮರಾಠಿ ಮಿಸ್ತ್ರಿ ಒಬ್ಬನಿದ್ದಾನೆ, ನನಗಿಂತ ಹಿರಿಯ, ಮಾತು ಕಡಿಮೆ. ಅವನು ಗಾಡಿಯ ಹಿಂದಿನ ಬಾಗಿಲಿಗೆ ಒರಗಿ ನಿಂತು, "ಶೇಟ್, ತುಮ್ಹೀ ಮಾಗೇ ಝೋಪೂನ್ ಬಘಿತ್ಲಂ ಕಾ?" ಎಂದ. ನೀವು ಹಿಂದೆ ಮಲಗಿ ನೋಡಿದ್ದಿರೇನು ಎಂದು.

ಇಲ್ಲ. ನೋಡಿರಲಿಲ್ಲ.

ಅವನಿಗೆ ಕೀಲಿ ಕೊಟ್ಟು ನಾನು ವೈನಿಯ ಮಂಚದ ಮೇಲೆ ಮಲಗಿದೆ. ದಿಂಬಿಗೆ ಔಷಧದ ವಾಸನೆ ಇತ್ತು. ಸರ್ವಿಸ್ ರೋಡಿನ ಮೊದಲನೇ ಬ್ರೇಕರಿಗೇ ನನ್ನ ಸೊಂಟ ಮಂಚ ಬಿಟ್ಟು ಮೇಲೆದ್ದು ಕೆಳಗೆ ಅಪ್ಪಳಿಸಿತು. ಹಲ್ಲಿಗೆ ಹಲ್ಲು ಬಡಿಯಿತು. ಎರಡನೆಯದಕ್ಕೆ ಮಂಚದ ಅಂಚು ಹಿಡಿದುಕೊಂಡೆ. ಮೂರನೆಯದಕ್ಕೆ, "ನಿಲ್ಲಿಸೋ ಮಾರಾಯ!" ಎಂದು ಕೂಗಿದೆ. ಗಟ್ಟಿಮುಟ್ಟಾದ ಐವತ್ತರ ಗಂಡಸು ನಾನು. ಎಸ್‌ಟಿ ಬಸ್ಸಿನ ಹಿಂದಿನ ಸೀಟು ಎತ್ತಿ ಒಗೆಯುತ್ತದೆಂದು ಹುಟ್ಟಿದ ಕೂಸಿಗೂ ಗೊತ್ತು. ಹಿಂದಿನ ಗಾಲಿಯಿಂದ ಆಚೆ ಕೂತವನಿಗೆ ಪೆಟ್ಟು ಡ್ರೈವರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಸಸ್ಪೆನ್ಶನ್ನಿನವನು ಎಂದು ಬೋರ್ಡು ಬರೆಸಿಕೊಂಡ ನನಗೆ ಅದು ಹೊಳೆದಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಮಂಚದ ಮೇಲೆ ಕೂತು, ನಾಚಿಕೆ ಬಿಟ್ಟು ಅತ್ತೆ.

ಭಾನುವಾರ ಅವರ ಮನೆಗೆ ಹೋದೆ. ಸಾಹೇಬರು ಪಡಸಾಲೆಯಲ್ಲಿ ಕೂಡಿಸಿ ನೀರು ಕೊಟ್ಟರು. ಒಳಗಿನ ಕೋಣೆಯ ಬಾಗಿಲು ತೆರೆದಿತ್ತು, ವೈನಿ ಅಲ್ಲಿ ಮಲಗಿದ್ದರು. ರಬ್ಬರು, ನೀರು, ಮಂಚ, ಎಲ್ಲ ಇದ್ದದ್ದು ಇದ್ದಂತೆ ಹೇಳಿದೆ. "ತಪ್ಪು ನಂದ ಐತ್ರಿ," ಅಂದೆ. "ಗಾಡಿ ತಗ್ಗ ಆಗಬೇಕಾದ್ದು ನಿಂತಾಗ. ಓಡುವಾಗ ಅದರ ಕೆಳಗ ಜಾಗಾ ಬೇಕು, ಗಾಲಿ ಮ್ಯಾಲ ಕೆಳಗ ಆಡಾಕ. ನಾ ಆ ಜಾಗಾನೇ ತಿಂದಬಿಟ್ಟೆ. ನನ್ನ ಸ್ಪ್ರಿಂಗು ಬಿಚ್ಚಿ ಒಗೀತೀನಿ. ಗಾಳಿ ಬೆಲ್ಲೋ ಹಾಕತೀನಿ. ಓಡುವಾಗ ಎತ್ತರ, ನಿಂತಾಗ ಗಾಳಿ ಬಿಟ್ರ ಕೂಡತೈತಿ. ತೂಗಾಡದಂಗ ಕೆಳಗ ಒಂದು ಅಡ್ಡ ಸರಳು ಹಾಕಿದ್ರ ಆಗತೈತಿ. ಆದ್ರ ಅಷ್ಟಕ್ಕ ಮುಗಿಯಂಗಿಲ್ರಿ. ಮಂಚ ನಡುವ ಬರಬೇಕು. ಒಲಿ ಹಿಂದ ಹೋಗಬೇಕು."

ಸಾಹೇಬರು ಒಪ್ಪಲಿಲ್ಲ. "ಸಂಡಾಸದ ಬಾಜೂಕ ಒಲಿ? ದೇವರ ಗೂಡು ಅದರ ಮ್ಯಾಲೆ? ಬ್ಯಾಡ್ರಿ. ಅಕಿ ಜನ್ಮದಾಗ ಮಡಿ ಬಿಟ್ಟಾಕಿ ಅಲ್ಲ. ಅಕಿಗೆ ಈಗ ಇದೊಂದು ದುಃಖ ಬ್ಯಾಡ. ಸ್ಪ್ರಿಂಗಷ್ಟಽ ಬದಲಿ ಮಾಡ್ರಿ."

"ಆಗಂಗಿಲ್ರಿ ಸಾಹೇಬ್ರ. ಮಂಚ ಸರಿಸದೆ ನಾ ಗಾಡಿ ಮುಟ್ಟಂಗಿಲ್ಲ." ಗಿರಾಕಿಗೆ ಹಾಗೆ ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು.

"ಏನ್ರೀ," ಎಂದು ಒಳಗಿನಿಂದ ದನಿ ಬಂತು. ಗಂಡನನ್ನು ಕರೆಯುವ ದನಿ. ಇಬ್ಬರೂ ಎದ್ದು ಬಾಗಿಲಿಗೆ ಹೋದೆವು. ವೈನಿ ಛಾವಣಿ ನೋಡುತ್ತಲೇ ಮಾತಾಡಿದರು, ತಲೆ ಹೊರಳಿಸಲು ಆಗುತ್ತಿರಲಿಲ್ಲ. "ಮಡಿ ಮಾಡಾಕಿ ನಾನು. ಇನ್ನ ನಾ ಎದ್ದು ಅಡಿಗಿ ಮಾಡೂದಿಲ್ಲ ಅಂದಮ್ಯಾಲೆ ಆ ಮಡಿ ಯಾರಿಗ್ರೀ? ನೀವು ಮಾಡೂ ಚಹಾಕ್ಕೇನು ಮಡಿ? ಸರಸ್ರಿ ಮಂಚ. ದೇವರನ್ನ ನನ್ನ ತಲಿಕಡೆ ಇಡ್ರಿ, ಇಬ್ಬರೂ ಕೂಡೇ ಹೋಗತೀವಿ."

ಸಾಹೇಬರು ನನ್ನ ಕಡೆ ನೋಡಿ ಆಗಲಿ ಎಂದು ತಲೆಯಾಡಿಸಿದರು.

"ವೈನಿ, ನನ್ನಿಂದ..." ಎಂದೆ. ಅಳು ಬಂತು.

"ಅತ್ತರ ಎಲುಬು ಕೂಡ್ತದೇನ್ರಿ?" ಅಂದರು. "ಈ ಸಲ ಮಲಗಿ ನೋಡಿ ಕೊಡ್ರಿ."

ಬೆಲ್ಲೋ ಬರಲು ಮೂರು ವಾರ ಬೇಕು ಅಂದವನ ತಲೆ ತಿಂದು ಹನ್ನೊಂದು ದಿನದಲ್ಲಿ ತರಿಸಿದೆ. ಆದರೂ, ಆಂಬುಲೆನ್ಸಿನ ಕುಲುಕಾಟ ಮತ್ತೆ ಬೇಡವೆಂದು ವೈನಿ ಅಂದಿದ್ದರಿಂದ, ಎರಡು ಗುರುವಾರ ತಪ್ಪಿದವು. ಆ ಎರಡು ಸೂಜಿಗಳ ಲೆಕ್ಕ ನನ್ನ ತಲೆಯ ಮೇಲಿದೆ, ಯಾರು ಏನೇ ಅನ್ನಲಿ. ಈ ಸಲ ಟಾಕಿ ತುಂಬಿ, ಮಂಚದ ಮೇಲೆ ವೈನಿಯಷ್ಟೇ ತೂಕದ ಗೋಧಿ ಚೀಲ ಇಟ್ಟು ಕಾಟಾಕ್ಕೆ ಹೋದೆವು. ಹಿಂದೆ ಅಚ್ಚನ್ನು ಹಿಡಿದಿಡಲು ಎರಡೇ ಪಾಟಾ ಇಟ್ಟು, ಭಾರವನ್ನೆಲ್ಲ ಬೆಲ್ಲೋಗಳಿಗೆ ಕೊಟ್ಟೆವು. ಸಂಡಾಸದ ಪಕ್ಕ ತಗಡಿನ ಗೋಡೆ ಎಬ್ಬಿಸಿ ಈಚೆಗೆ ಒಲೆ ಕೂಡಿಸಿದೆವು. ಮೊದಲನೇ ದಿನ ಸಂಜೆ ನಿಲ್ಲಿಸಿದ ಗಾಡಿ ಬೆಳಿಗ್ಗೆ ಒಂದು ಕಡೆ ಕುಸಿದಿತ್ತು. ಕೀಲುಗಳಿಗೆಲ್ಲ ಸಾಬೂನು ನೀರು ಬಳಿದು ಗುಳ್ಳೆ ಏಳುವುದನ್ನು ಹುಡುಕುತ್ತ ಕೂತೆವು. ವಾಲ್ವಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಸಿಕ್ಕಿತು. ಬದಲಿ ವಾಲ್ವು ಬರಲು ಮತ್ತೆ ಒಂದು ದಿನ.

ಆಮೇಲೆ ನಾನು ಮಲಗಿದೆ, ಮಿಸ್ತ್ರಿ ಓಡಿಸಿದ. ಯೇವಲಾದ ತನಕ ಹೋಗಿ ಬಂದೆವು. ಸಿನ್ನರ್ ಕಡೆಯಿಂದ ಎಕ್ಸ್‌ಪ್ರೆಸ್‌ವೇ ಹಿಡಿದೂ ನೋಡಿದೆವು, ಕಾಂಕ್ರೀಟಿನ ಜೋಡುಗಳ ಟಕ್ ಟಕ್ ಎಂಬ ಸಣ್ಣ ಪೆಟ್ಟು ಬಿಡದೆ ಸೊಂಟಕ್ಕೆ ಬರುತ್ತಿತ್ತು, ಬೇಕಾದಲ್ಲಿ ನಿಲ್ಲಿಸಲೂ ಆಗದು. ಹಳೆಯ ರಸ್ತೆಯೇ ವಾಸಿ ಅನಿಸಿತು. ಬೆಲ್ಲೋದ ಗಾಳಿಯನ್ನು ಒಂದಿಷ್ಟು ಇಳಿಸಿ, ಒಂದಿಷ್ಟು ಏರಿಸಿ, ಮತ್ತೆ ಮಲಗಿ, ಮತ್ತೆ ಓಡಿಸಿ, ಬ್ರೇಕರಿಗೆ ಅಂಚು ಹಿಡಿಯಬೇಕೆಂದು ಕೈಗೆ ಅನಿಸದೇ ಇರುವ ತನಕ ಬಿಡಲಿಲ್ಲ.

ಸಾಹೇಬರು ಸ್ಟೀರಿಂಗ್ ಹಿಡಿಯಲು ಒಲ್ಲೆ ಅಂದರು. ಗುರುವಾರದ ಡ್ರೈವರ್ ನಾನಾದೆ. ಅವರು ಮಂಚದ ಪಕ್ಕ ನೆಲದ ಮೇಲೆ ಕೂರುತ್ತಿದ್ದರು. ಅಲ್ಲಿಂದ ರಸ್ತೆ ಕಾಣದು. ಅದಕ್ಕೆ ನಾನು ಬ್ರೇಕರ್ ಕಂಡ ಕೂಡಲೇ, "ಬ್ರೇಕರ್ ಬಂತ್ರಿ" ಎಂದು ಕೂಗಬೇಕು, ಅವರು ಎರಡೂ ಕೈ ಹೆಂಡತಿಯ ಸೊಂಟದ ಅಕ್ಕಪಕ್ಕ ಊರಿ ಹಿಡಿಯಬೇಕು. ಗಾಲಿ ದಾಟಿದ ಮೇಲೆ, "ಹೂಂ, ಆತು" ಅನ್ನುತ್ತಿದ್ದರು. ನಿಫಾಡ, ಯೇವಲಾ, ವೈಜಾಪುರ, ದಾರಿಯುದ್ದಕ್ಕೂ ಇದೇ. ಒಂದು ಸಲ ವೈನಿ, "ನಿಮ್ಮಿಬ್ಬರ ಭಜನಿ ಕೇಳಿ ಕೇಳಿ ದೇವರಿಗೂ ನಿದ್ದಿ ಹಾರೇದ" ಅಂದರು. ಅವರ ತಲೆಯ ಕಡೆ ಪುಟ್ಟ ಗೂಡಿನಲ್ಲಿ ದೇವರ ಮೂರ್ತಿ ಇತ್ತು.

ಏಳು ಗುರುವಾರ ಹೋಗಿ ಬಂದೆವು. ಮತ್ತೆ ಮಣಿ ಮುರಿಯಲಿಲ್ಲ. ನಡುವೆ ಒಂದು ಬೆಳಿಗ್ಗೆ, ದವಾಖಾನೆ ಬಿಟ್ಟು ಬೇರೆ ಎಲ್ಲಿಗಾದರೂ ಹೋಗೋಣ ಎಂದು ವೈನಿ ಹಟ ಹಿಡಿದದ್ದಕ್ಕೆ ದಿಂಡೋರಿಗೆ ಹೋದೆವು. ದ್ರಾಕ್ಷಿ ತೋಟದ ಪಕ್ಕ ನಿಲ್ಲಿಸಿ ಗಾಳಿ ಬಿಟ್ಟೆ, ಗಾಡಿ ಮೆಲ್ಲಗೆ ಕೂತಿತು, ಮಲಗಿದವರ ಕಣ್ಣಿನ ಮಟ್ಟಕ್ಕೆ ಬಳ್ಳಿ ಬಂತು. ಸಾಹೇಬರು ಒಂದೊಂದೇ ಹಣ್ಣು ಸುಲಿದು ಬಾಯಿಗಿಟ್ಟರು. ದೇಶ ಸುತ್ತುವ ಗಾಡಿ ಸುತ್ತಿದ್ದು ಅಷ್ಟು.

ಎಂಟನೇ ಗುರುವಾರ ಆಸ್ಪತ್ರೆ ಮುಟ್ಟುವಾಗಲೇ ಜ್ವರ ಇತ್ತು. ರಕ್ತಕ್ಕೆ ನಂಜು ಏರಿದೆ ಅಂದರು. ಅಲ್ಲೇ ಇಟ್ಟುಕೊಂಡರು. ನಾನೂ ಉಳಿದೆ. ಶನಿವಾರ ಬೆಳಗಾಗುವಷ್ಟರಲ್ಲಿ ಮುಗಿಯಿತು.

ಆಸ್ಪತ್ರೆಯವರು ಶವದ ಗಾಡಿ ಮಾಡಿಕೊಡುತ್ತೇವೆ ಅಂದರು. ಸಾಹೇಬರು ಬೇಡವೆಂದು ತಲೆಯಾಡಿಸಿ ನನ್ನ ಕಡೆ ನೋಡಿದರು. ಕಾಗದಪತ್ರ ಮುಗಿಸಿ, ಗಾಳಿ ಬಿಟ್ಟು ಗಾಡಿ ಕೂಡಿಸಿದೆ. ವೈನಿಯನ್ನು ಅದೇ ಮಂಚದ ಮೇಲೆ ಮಲಗಿಸಿದೆವು. ಸಾಹೇಬರು ದೇವರನ್ನು ಗೂಡಿನಿಂದ ತೆಗೆದು ನನ್ನ ಪಕ್ಕದ ಸೀಟಿನಲ್ಲಿ ಬಟ್ಟೆಯಲ್ಲಿ ಸುತ್ತಿ ಇಟ್ಟರು. ತಾವು ಯಥಾಪ್ರಕಾರ ನೆಲದ ಮೇಲೆ ಕೂತರು. ಗಾಳಿ ತುಂಬಿಸಿ ಹೊರಟೆ. ಬಿಸಿಲು ಏರುತ್ತಿತ್ತು.

ವೈಜಾಪುರ ಮುಟ್ಟುವ ಮೊದಲು ಆ ಬ್ರೇಕರ್ ಬಂತು. ಈಗ ಅದಕ್ಕೆ ಬಿಳಿ ಬಣ್ಣ ಬಳಿದಿದ್ದರು. ಕೂಗಲು ಬಾಯಿ ತೆರೆದವನು ಸುಮ್ಮನಾದೆ. ಇನ್ನು ಯಾರಿಗೆ ನೋವು? ವೇಗ ಮಾತ್ರ ಪೂರ್ತಿ ಇಳಿಸಿದೆ. ಮುಂದಿನ ಗಾಲಿ ದಾಟಿತು, ಹಿಂದಿನದೂ ದಾಟಿತು.

"ಯಾಕ್ರೀ," ಎಂದು ಹಿಂದಿನಿಂದ ಕೇಳಿತು, "ಹೇಳಲೇ ಇಲ್ಲಲ್ಲ?"

ಕನ್ನಡಿಯಲ್ಲಿ ನೋಡಿದೆ. ಅವರ ಎರಡೂ ಕೈ ಮಂಚದ ಮೇಲೆ, ವೈನಿಯ ಸೊಂಟದ ಅಕ್ಕಪಕ್ಕ, ಬೆಳಿಗ್ಗೆಯಿಂದ ಇದ್ದ ಜಾಗದಲ್ಲೇ ಇದ್ದವು.

"ತಪ್ಪಾತ್ರಿ ಸಾಹೇಬ್ರ," ಅಂದೆ.

ಯೇವಲಾ ಬಂತು, ನಿಫಾಡ ಬಂತು. ನಾಸಿಕದ ಅವರ ಮನೆಯ ಗಲ್ಲಿಯ ತಿರುವಿನಲ್ಲಿರುವ ಸಣ್ಣ ಬ್ರೇಕರಿನ ತನಕ ಒಂದನ್ನೂ ಬಿಡದೆ ಕೂಗಿ ಹೇಳಿದೆ. ಪ್ರತಿ ಸಲವೂ ಹಿಂದಿನಿಂದ, "ಹೂಂ, ಆತು" ಎಂದು ಕೇಳಿತು.